ದುಪ್ಪಟಿಯ ಬೆಳಕು
ಇಡೀ ಬೀದಿಗೆ ಅವರು ಫೋಟೋ ಮಾವ. ಹೊಟ್ಟೆಪಾಡಿಗೆ ಗಡಿಯಾರ ರಿಪೇರಿ, ಹುಚ್ಚು ಮಾತ್ರ ಫೋಟೋದ್ದು. ಅವರಪ್ಪನ ಕಾಲದ ಕ್ಯಾಮೆರಾ ಬಾಯಿ ಬಿಡದಂತೆ ಸುತ್ತ ರಬ್ಬರ್ ಬ್ಯಾಂಡ್ ಹಾಕಿರುತ್ತಿದ್ದರು. ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಇಲ್ಲವೇ ಎಂದರೆ, “ಕಾಲಿದೆಯಲ್ಲ” ಎಂದು ನಾಲ್ಕು ಹೆಜ್ಜೆ ಮುಂದೆ ಬರುವರು. ಫ್ಲ್ಯಾಶ್ ಕೆಟ್ಟಾಗಲೂ ಹೊಸದು ಕೊಳ್ಳಲಿಲ್ಲ, “ಕಿಟಕೀಲಿ ಬೆಳಕು ಬಿಟ್ಟಿ ಬರ್ತಿರುವಾಗ ಅಂಗಡಿಗ್ಯಾಕೆ ಹೋಗ್ಲಿ?” ಬಂದವರನ್ನು ಕಿಟಕಿ ಪಕ್ಕ ಕೂರಿಸುವರು. ಮುಖದ ಇನ್ನೊಂದು ಬದಿಗೂ ಬೆಳಕು ಬೀಳಲೆಂದು ಅತ್ತೆ ಎದುರಿಗೆ ಬಿಳಿ ದುಪ್ಪಟಿ ಎತ್ತಿ ಹಿಡಿದು, ಅದರ ಹಿಂದೆ ಮರೆಯಾಗಿ ನಿಲ್ಲಬೇಕು. ಮಾವ ಮಂಚ ಹತ್ತಿ, ಮೇಜಿನ ಕೆಳಗೆ ತೂರಿ, ಒಕ್ಕಣ್ಣಲ್ಲಿ ನೋಡಿ ಮುಗಿಸುವಷ್ಟರಲ್ಲಿ ಸೂರ್ಯನೇ ಬೇಸತ್ತು ಪಕ್ಕದ ಮನೆಗೆ ಹೋಗಿರುತ್ತಿದ್ದ. “ರೀ, ತೋಳು ಬಿದ್ದೋಗ್ತಿದೆ. ಒತ್ತೋದಾದ್ರೆ ಒತ್ತಿ, ಇಲ್ಲಾಂದ್ರೆ ಇದನ್ನ ಒಗೆಯೋಕೆ ಹಾಕ್ತೀನಿ” ಎಂದು ದುಪ್ಪಟಿ ಗೊಣಗುವುದು. ಕೂತವರು ಫಕ್ಕನೆ ನಗುವರು. ಮಾವ ಕಾಯುತ್ತಿದ್ದುದೇ ಆ ನಗುವಿಗೆ, ಕ್ಲಿಕ್ ಎನ್ನಿಸುವರು. ಅತ್ತೆ ತೀರಿಕೊಂಡ ಮೇಲೆ ದುಪ್ಪಟಿಯ ಜೊತೆ ಕ್ಯಾಮೆರಾವನ್ನೂ ಬೀರುವಿನಲ್ಲಿಟ್ಟರು. ದುಬಾರಿ ಕ್ಯಾಮೆರಾ ಕೊಂಡ ಅಳಿಯ ಒಮ್ಮೆ ಹಳೆಯ ಆಲ್ಬಂ ತಿರುವುತ್ತಾ, “ಇಡೀ ಬೀದೀನೇ ಇದೆ, ಅತ್ತೇದು ಮಾತ್ರ ಒಂದೂ ಇಲ್ವಲ್ಲ ಮಾವ” ಎಂದ. ಮಾವ ಗಡಿಯಾರ ನೋಡುವ ಭೂತಗನ್ನಡಿಯನ್ನು ಫೋಟೋದಲ್ಲಿ ನಗುತ್ತಿದ್ದ ಮುಖವೊಂದರ ಮೇಲೆ ಹಿಡಿದರು. “ಕಣ್ಣೊಳಗೆ ನೋಡು. ಬಿಳಿ ಚುಕ್ಕೆ ಕಾಣ್ತಿದ್ಯಾ? ದುಪ್ಪಟಿ ಅದು. ಹಿಂದೆ ನಿಮ್ಮತ್ತೆ ನಿಂತಿದಾಳೆ, ಎಲ್ಲಾ ಫೋಟೋದಲ್ಲೂ.” ಅಳಿಯ ಬಗ್ಗಿದ. “ಬೇಗ ನೋಡಪ್ಪ,” ಎಂದರು ಮಾವ, “ಅವಳ ಕೈ ಸೋಲುತ್ತೆ.”