ಮುಂದ ನೋಡ್ರಿ, ಕಾಕಾ

ಇವತ್ತು ಬೆಳಿಗ್ಗೆ ಕಾಕಾರನ್ನು ಸ್ಕೂಟರಿನ ಹಿಂದೆ ಕೂಡ್ರಿಸಿಕೊಂಡು ಹೊರಟಾಗ ನೋವಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೂ ರಸ್ತೆ ಸುರಕ್ಷತೆಗೂ ಸಂಬಂಧವಿದೆ, ಕೇಳಿ.

ಕಾಕಾ, ಅಂದರೆ ಅಪ್ಪನ ತಮ್ಮ, ಧಾರವಾಡದ ಕಾಲೇಜೊಂದರಲ್ಲಿ ಮಾಸ್ತರರಾಗಿದ್ದರು. ಯಾವ ವಾಹನದವರ ಲಕ್ಷ್ಯ ಯಾವುದರಿಂದ ತಪ್ಪುತ್ತದೆ ಎಂಬುದೇ ಅವರ ಸಂಶೋಧನೆ. ಕಾರಿನವನ ಲಕ್ಷ್ಯ ಫೋನಿನಲ್ಲಿ, ಟ್ರ್ಯಾಕ್ಟರಿನವನದು ತಾನು ಹಚ್ಚಿದ ಹಾಡಿನಲ್ಲಿ, ಆಟೋದವನದು ರಸ್ತೆಬದಿಯ ಗಿರಾಕಿಯಲ್ಲಿ. ಸ್ಕೂಟರಿನವನೊಬ್ಬನೇ ಯೋಗಿ ಎಂಬುದು ಅವರ ಸಿದ್ಧಾಂತ. ಅವರದು ಯಾವ ವಾಹನ ಎಂದು ನೀವು ಊಹಿಸಿರಬೇಕು.

ಒಂದು ಸಂಜೆ ಕೆಲಗೇರಿ ಕಡೆ ನನ್ನನ್ನು ಹಿಂದೆ ಕೂಡ್ರಿಸಿಕೊಂಡು ಸಿದ್ಧಾಂತ ವಿವರಿಸತೊಡಗಿದರು. ಎದುರಿನವರ ಮುಖ ನೋಡದೆ ಪಾಠ ಹೇಳಿ ಅವರಿಗೆ ರೂಢಿಯಿಲ್ಲ. ಹಾಗಾಗಿ ವಾಕ್ಯ ವಾಕ್ಯಕ್ಕೂ ಪೂರ್ತಿ ಹಿಂದಕ್ಕೆ ತಿರುಗುವರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

"ಕಾಕಾ, ಮುಂದ ನೋಡ್ರಿ!"

"ಮುಂದಿಂದು ನಾ ನೋಡ್ಕೋತೀನಿ, ನೀ ಲಕ್ಷ್ಯ ಇಟ್ಟು ಕೇಳು."

ಅಷ್ಟರಲ್ಲಿ ಬಗಲಿಗೆ ಬೈಕೊಂದು ಬಂತು, ಮೇಲೆ ಅವರ ಹಳೆಯ ವಿದ್ಯಾರ್ಥಿ. "ನಮಸ್ಕಾರ್ರಿ ಸರ್, ಆರಾಮ ಅದೀರೇನ್ರಿ?"

ನಮ್ಮ ಊರಲ್ಲಿ ತಿರುಗಿ ನಮಸ್ಕಾರ ಮಾಡದವನಿಗೆ ಸೊಕ್ಕು ಬಂದಿದೆ ಎಂದರ್ಥ. ಒಂದೇ ಕೈ ಎತ್ತಿದರೆ ಅರ್ಧ ಸೊಕ್ಕು. ಕಾಕಾ ಎರಡೂ ಕೈ ಜೋಡಿಸಿದರು. ಹಿಂದೆ ಕುಳಿತ ನಾನೂ ಜೋಡಿಸಿದೆ, ನನ್ನದು ದೇವರಿಗೆ. ಸ್ಕೂಟರು ನೇರ ಗಟಾರಕ್ಕೆ ಹೋಯಿತು.

ನನ್ನ ಮೊಣಕಾಲು ತರಚಿತು. ಕಾಕಾರ ಬಲಭುಜದ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಅವರು, "ರಸ್ತಾನ ಸರಿ ಇಲ್ಲ," ಎಂದಾಗ ಅವರ ಹೆಂಡತಿ, ನಮ್ಮ ಕಾಕು, ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ರಸ್ತಾ ಅಲ್ಲೇ ಇತ್ರಿ. ನೀವ ಇದ್ದಿದ್ದಿಲ್ಲ."

ಆ ಕೈ ಮತ್ತೆ ಭುಜದಿಂದ ಮೇಲೇಳಲಿಲ್ಲ, ನೋವಿನ ಎಣ್ಣೆ ಇವತ್ತಿಗೂ ತಪ್ಪಿಲ್ಲ. ಬೋರ್ಡಿನ ಮೇಲೆ ಬರೆಯಲಾರದ ಮಾಸ್ತರು ಅವಧಿಗೆ ಮೊದಲೇ ನಿವೃತ್ತರಾದರು. ಪಾಠವೇ ಪ್ರಾಣವಾಗಿದ್ದ ಮನುಷ್ಯ.

ಇವತ್ತೂ ಅವರು ದಾರಿಯುದ್ದಕ್ಕೂ ಹಿಂದಿನಿಂದ ಏನೇನೋ ಹೇಳುತ್ತಲೇ ಇದ್ದರು. ಗೋಪನಕೊಪ್ಪದ ಹತ್ತಿರ ಪರಿಚಯದವರೊಬ್ಬರು ಬಗಲಿಗೆ ಬಂದು ಮಾತಾಡಿಸಿದರು. ನಾನು ಮುಂದೆಯೇ ನೋಡುತ್ತಿದ್ದೆ. "ಭಾಳ ದೊಡ್ಡಾಂವ ಆಗ್ಯಾನ," ಎನ್ನುತ್ತ ಅವರು ಹೊರಟುಹೋದರು.

ಮನೆ ಮುಂದೆ ಇಳಿದು ಕಾಕಾ ಕೇಳಿದರು, "ಇಷ್ಟೊತ್ತು ನಾ ಹೇಳಿದ್ದು ಕೇಳಿಸ್ತೇನು?"

"ಇಲ್ರಿ ಕಾಕಾ. ಒಂದ ಮಾತೂ ಇಲ್ಲ."

ಸಿಟ್ಟಾದರು ಅಂದುಕೊಂಡೆ. ಅವರು ಎಡಗೈಯಿಂದ ನನ್ನ ಬೆನ್ನು ತಟ್ಟಿ, "ಛಲೋ ಆತು," ಅಂದರು.