ಕುದುರೆ ಕೂದಲಿಗೆ ಕೊಬ್ಬರಿ ಎಣ್ಣೆ

ಅವರ ಎಡಗೈಯ ನಾಲ್ಕು ಬೆರಳ ತುದಿಗಳೂ ಹುಣಸೆಬೀಜದ ಹಾಗೆ ಗಟ್ಟಿಯಾಗಿ ಹೊಳೆಯುತ್ತಿದ್ದವು. ಹುಡುಕಿದರೂ ಒಂದು ಗೆರೆ ಸಿಗುತ್ತಿರಲಿಲ್ಲ. ನವಿ ಮುಂಬಯಿಯ ಸೀವುಡ್ಸ್‌ನ ಒಂದು ಆಧಾರ್ ಕೇಂದ್ರದಲ್ಲಿ ನಾನು ಆಪರೇಟರ್. ಜನರ ಕೈ ಹಿಡಿದು ಯಂತ್ರದ ಗಾಜಿನ ಮೇಲೆ ಒತ್ತುವುದೇ ನನ್ನ ಹೊಟ್ಟೆಪಾಡು. ಗಾರೆ ಕೆಲಸದವರ ಕೈ ನೋಡಿದ್ದೆ, ಪಾತ್ರೆ ತಿಕ್ಕುವವರ ಕೈ ನೋಡಿದ್ದೆ. ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟ, ಬೆಳ್ಳಿಕೂದಲಿನ ಒಬ್ಬ ರಷ್ಯನ್ ಹೆಂಗಸಿಗೆ ಇಂಥ ಕೈ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಬಲಗೈಯನ್ನು ಯಂತ್ರ ಒಪ್ಪಿಕೊಂಡಿತು. ಎಡಗೈ ಇಟ್ಟಾಗಲೆಲ್ಲ ಕೆಂಪು ದೀಪ.

ಹಿಂದಿಯಲ್ಲಿ ಹೇಳಿ ಹೇಳಿ ಸಾಕಾಗಿ, “ಏನ್ ಕೈನೋ ಏನೋ ನಮ್ಮವ್ವಾ,” ಎಂದು ನನ್ನಷ್ಟಕ್ಕೆ ಗೊಣಗಿದೆ.

“ಒಳ್ಳೆ ಕೈಯೇ ಮಾರಾಯ್ತಿ,” ಎಂದರು ಆಕೆ, ಅಪ್ಪಟ ಉಡುಪಿ ಧಾಟಿಯಲ್ಲಿ. “ಅರವತ್ತು ವರ್ಷ ತಂತಿ ಒತ್ತಿದ್ದು. ನಿನ್ನ ಮಿಷಿನಿಗೆ ಸಂಗೀತ ಗೊತ್ತಿಲ್ಲ, ಅಷ್ಟೇ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅರ್ಜಿಯಲ್ಲಿ ವಿಳಾಸ ನೋಡಿದರೆ ನೆರೂಳಿನ ನಮ್ಮದೇ ಕಟ್ಟಡ. ನಾನೂ ಅಮ್ಮನೂ ದಿವಾದಿಂದ ಅಲ್ಲಿಗೆ ಬಂದು ತಿಂಗಳಾಗಿತ್ತು. ನಾವು ಮೂರನೆಯ ಮಹಡಿ, ಅವರು ಎಲ್ಲಕ್ಕೂ ಮೇಲಿನ ಐದನೆಯ ಮಹಡಿ.

ಕಟ್ಟಡದವರ ಬಾಯಲ್ಲಿ ಅವರು ‘ದೊಡ್ಡ ಪಿಟೀಲಿನ ಆಂಟಿ’. ನಾನು ಮೇಡಮ್ ಎನ್ನುತ್ತಿದ್ದೆ. ಅವರು ಎಷ್ಟು ದೊಡ್ಡವರೆಂದು ನನಗೆ ತಿಳಿದದ್ದು ಅವರ ಮನೆಯ ಗೋಡೆ ನೋಡಿದ ಮೇಲೆ. ವೋಲ್ಗಾ ದಂಡೆಯ ಸಣ್ಣ ಊರಿನ ರೈಲ್ವೆ ನೌಕರನ ಮಗಳು, ಏಳನೆಯ ವಯಸ್ಸಿಗೆ ಸೆಲ್ಲೋ ಎಂಬ ಆ ದೊಡ್ಡ ಪಿಟೀಲು ಹಿಡಿದು, ಹತ್ತೊಂಬತ್ತಕ್ಕೆ ಮಾಸ್ಕೋದಲ್ಲಿ ದೇಶದೇಶಗಳ ಸ್ಪರ್ಧಿಗಳನ್ನು ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದವರು. ವಿಯೆನ್ನಾ, ಟೋಕಿಯೋ, ಲಂಡನ್ ಎಲ್ಲ ಕಡೆಯ ಜಾಹೀರಾತು ಹಾಳೆಗಳ ಮೇಲೂ ಅದೇ ಮುಖ. ಮಾಸ್ಕೋದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಉಡುಪಿಯ ಹುಡುಗನೊಬ್ಬ ಅವರ ಸಂಗೀತ ಕಚೇರಿ ಮುಗಿದ ಮೇಲೆ ಕೈಕುಲುಕಲು ಬಂದವನು ಕೈ ಬಿಡಲೇ ಇಲ್ಲವಂತೆ. ಅವನನ್ನು ಕಟ್ಟಿಕೊಂಡು ನೆರೂಳಿಗೆ ಬಂದರು, ಅತ್ತೆಯಿಂದ ಕನ್ನಡ ಕಲಿತರು, ವರ್ಷಕ್ಕೆ ನಾಲ್ಕು ಸಲ ವಿಮಾನ ಹತ್ತಿ ಹೋಗಿ ನುಡಿಸಿ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಊರು ಬಿಡಲಿಲ್ಲ.

ಮಾರುಕಟ್ಟೆಯಲ್ಲಿ ತೆಂಗಿನಕಾಯಿಯನ್ನು ಬೆರಳ ತುದಿಯಿಂದ ಕುಟ್ಟಿ, ಕಣ್ಣು ಮುಚ್ಚಿ ಕೇಳಿ ಆರಿಸುತ್ತಿದ್ದರು. ಹಾರ್ಬರ್ ಲೈನ್ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಹೆಗಲೆತ್ತರದ ಸೆಲ್ಲೋ ಪೆಟ್ಟಿಗೆ ನಿಲ್ಲಿಸಿಕೊಂಡರೆ ಹೆಂಗಸರು ರೇಗುತ್ತಿದ್ದರು. “ಇವ ನನ್ನ ಎರಡನೇ ಗಂಡ, ಸ್ವಲ್ಪ ದಪ್ಪ, ಸುಧಾರಿಸ್ಕೊಳ್ಳಿ,” ಎಂದು ಹಿಂದಿಯಲ್ಲಿ ಹೇಳಿ ಅವರನ್ನೇ ನಗಿಸಿಬಿಡುತ್ತಿದ್ದರು.

ಒಂದು ಮಳೆಗಾಲದಲ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕಾಲು ಜಾರಿತು. ಪೆಟ್ಟಿಗೆಯನ್ನು ಬಲಗೈಯಿಂದ ಎದೆಗವಚಿಕೊಂಡು ಎಡಗೈ ನೆಲಕ್ಕೆ ಊರಿದರು. ಸೆಲ್ಲೋಗೆ ಒಂದು ಗೀರೂ ಬೀಳಲಿಲ್ಲ. ಮಣಿಕಟ್ಟು ಎರಡು ಕಡೆ ಮುರಿಯಿತು.

“ಆ ಪೆಟ್ಟಿಗಿ ಕೈ ಬಿಡಬಾರದಿತ್ತೇನ್ರೀ ಮೇಡಮ್?” ಎಂದು ಆಸ್ಪತ್ರೆಯಲ್ಲಿ ಅತ್ತುಬಿಟ್ಟೆ.

“ಕೈಗೆ ಪ್ಲಾಸ್ಟರ್ ಹಾಕ್ಬಹುದು. ಅದಕ್ಕೆ ಹಾಕ್ಲಿಕ್ಕೆ ಆಗ್ತದಾ?” ಎಂದರು.

ಡಾಕ್ಟರು, ತಟ್ಟೆ ಹಿಡಿಯುವಷ್ಟು ಕೈ ಬರುತ್ತದೆ, ನುಡಿಸುವ ಆಸೆ ಬೇಡ ಎಂದರು. ವಿದೇಶದ ಕಚೇರಿಗಳೆಲ್ಲ ಒಂದೊಂದಾಗಿ ರದ್ದಾದವು. ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ದಿನ ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಾಯಿಸಲು ನನ್ನ ಮೇಜಿಗೆ ಬಂದರು. ತಾವಾಗಿಯೇ ಎಡಗೈ ಇಟ್ಟರು. ಇಟ್ಟ ಕೂಡಲೇ ಹಸಿರು ದೀಪ. ನಾನು ಪೆದ್ದಿ, “ನೋಡ್ರಿ, ಬಂತು!” ಎಂದು ಹಿಗ್ಗಿದೆ. ಅವರು ಆ ಬೆರಳುಗಳನ್ನು ನೋಡುತ್ತ ನಿಂತರು. ಗಟ್ಟಿ ಚರ್ಮವೆಲ್ಲ ಉದುರಿ ಎಳೆಯ ಗೆರೆಗಳು ಮೂಡಿದ್ದವು.

“ಮಗುವಿನ ಕೈ ಆಯ್ತಲ್ಲ ಇದು,” ಎಂದರು. ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೊಂದೇ ಸಲ.

ಅದೇ ವಾರ ನನ್ನನ್ನು ಮೇಲಕ್ಕೆ ಕರೆದರು. “ನನಗೆ ಬಲಗೈ ಉಂಟು, ಎಡಗೈ ಇಲ್ಲ. ನೀನು ನಿನ್ನ ಎಡಗೈ ತಾ.” ನಾನು ತಂತಿ ಒತ್ತುವುದು, ಅವರು ಕಮಾನು ಎಳೆಯುವುದು. ಮೂವತ್ತೇಳು ವರ್ಷದ, ತಾಳ ಗೊತ್ತಿಲ್ಲದ, ಗದಗ ಕಡೆಯ ಹೆಂಗಸೊಬ್ಬಳು ಹೀಗೆ ಸೆಲ್ಲೋ ಕಲಿಯತೊಡಗಿದಳು. ಬೆರಳು ಉರಿದು ಪಾತ್ರೆ ತಿಕ್ಕಲಾಗುತ್ತಿರಲಿಲ್ಲ. “ಉರಿಯಲಿ, ಉರಿದ್ರೇ ಚರ್ಮ ಬರೋದು,” ಎನ್ನುತ್ತಿದ್ದರು. ನಾನು ಕೆಳಗಿಳಿದ ಮೇಲೆ ಅವರು ಒಬ್ಬರೇ ಎಡಗೈಯನ್ನು ತಂತಿಗೆ ಒಗ್ಗಿಸುತ್ತಿದ್ದರು. ಮೊದಲು ಐದು ನಿಮಿಷ, ಆಮೇಲೆ ಹತ್ತು. ಒಂದೂವರೆ ವರ್ಷ ಹೀಗೇ ನಡೆಯಿತು.

ನೆರೂಳಿನ ಕನ್ನಡ ಸಂಘದವರು ದಸರಾ ಕಾರ್ಯಕ್ರಮದಲ್ಲಿ, ಮಕ್ಕಳ ನೃತ್ಯಕ್ಕೂ ಬಹುಮಾನ ವಿತರಣೆಗೂ ನಡುವೆ, ಅರ್ಧ ಗಂಟೆ ಕೊಟ್ಟರು. ಲಂಡನ್‌ನಲ್ಲಿ ನುಡಿಸಿದವರಿಗೆ ಬಹುಮಾನದ ಸ್ಟೀಲ್ ಡಬ್ಬಿಗಳ ಪಕ್ಕದಲ್ಲಿ ಜಾಗ! ನನಗೆ ಸಿಟ್ಟು ಬಂತು. ಅವರಿಗೆ ಬರಲಿಲ್ಲ.

“ಅಲ್ಲಿ ನುಡಿಸ್ಲಿಕ್ಕೆ ಬಂದ್ರೆ ಎಲ್ಲಾ ಕಡೆ ಬರ್ತದೆ,” ಎಂದರು. “ಬರದಿದ್ರೆ ಸೆಲ್ಲೋವನ್ನು ಮಾಸ್ಕೋದ ನನ್ನ ಶಾಲೆಗೆ ಕೊಟ್ಟು ಸುಮ್ಮನಾಗ್ತೇನೆ. ಮತ್ತೆ ಮುಟ್ಟುವುದಿಲ್ಲ.”

ಹಬ್ಬದ ವಾರ ಅವರ ಮನೆಯ ಸೂರು ಸೋರತೊಡಗಿತು. ಸೆಲ್ಲೋವನ್ನೂ ಕಮಾನನ್ನೂ ನಮ್ಮ ಮನೆಗೆ ತಂದಿಟ್ಟರು. ಇನ್ನೊಂದು ಕಮಾನು ರಿಪೇರಿಗೆ ಹೋಗಿತ್ತು. ವಿಜಯದಶಮಿಯ ಸಂಜೆ ಕಚೇರಿ. ಅದರ ಹಿಂದಿನ ದಿನ ನಮ್ಮಲ್ಲಿ ಖಂಡೇ ಪೂಜೆ, ಅಂದರೆ ಆಯುಧಪೂಜೆ. ನಾನು ಹೂ ತರಲು ಹೋಗಿದ್ದೆ. ಅಮ್ಮ ಈಳಿಗೆ, ಮಿಕ್ಸರ್, ನನ್ನ ಸ್ಕೂಟಿ ಎಲ್ಲ ಒರೆಸಿ, ಎಣ್ಣೆ ಮುಟ್ಟಿಸಿ, ಕುಂಕುಮ ಇಟ್ಟಿದ್ದಳು. ಕಮಾನಿಗೆ ಕಟ್ಟಿರುವುದು ಕುದುರೆ ಬಾಲದ ಕೂದಲೆಂದು ನಾನೇ ಅವಳಿಗೆ ಹೇಳಿದ್ದೆ. ತಂತಿ ಹಿಡಿಯಲಿ ಎಂದು ಆ ಕೂದಲಿಗೆ ರಾಳ ತಿಕ್ಕುತ್ತಾರೆ, ಅದರ ಬಿಳಿ ಪುಡಿ ಅಂಟಿರುತ್ತದೆ. ಅದನ್ನು ಹೇಳಿರಲಿಲ್ಲ. ಅಮ್ಮನ ಕಣ್ಣಿಗೆ ಅದು ತಲೆಹೊಟ್ಟಿನಂತೆ ಕಂಡಿದೆ. ಅಂಗೈ ತುಂಬ ಕೊಬ್ಬರಿ ಎಣ್ಣೆ ಹಾಕಿ, ಬುಡದಿಂದ ತುದಿಯವರೆಗೆ ತಿಕ್ಕಿ, ಬಾಚಿ ಇಟ್ಟಿದ್ದಾಳೆ!

ಎಣ್ಣೆ ಕುಡಿದ ಕಮಾನು ತಂತಿಯ ಮೇಲೆ ಜಾರುತ್ತದೆ, ನಾದ ಹುಟ್ಟುವುದಿಲ್ಲ. ಐದನೆಯ ಮಹಡಿಗೆ ಓಡಿದೆ. ಮೇಡಮ್ ಬಂದು ನೋಡಿ ನೆಲದ ಮೇಲೆ ಕುಳಿತರು.

“ಎಣ್ಣೆ ಯಾಕೆ ಹಾಕಿದ್ರಿ ಅಮ್ಮ?” ಎಂದು ಕೇಳಿದರು.

“ಹಬ್ಬದ ದಿವ್ಸ ಕೂದ್ಲಾ ಬರಡ ಇರಬಾರ್ದವಾ,” ಎಂದಳು ಅಮ್ಮ. “ಕುದ್ರಿದಾದ್ರೇನು? ನಾಳೆ ನಿನಗ ಗೆಲುವು ಆಗ್ಲಿ ಅಂತ ಬೇಡ್ಕೊಂಡs ಹಚ್ಚೀನಿ.”

ಮೇಡಮ್ ಅವಳನ್ನೇ ನೋಡಿದರು. ಆಮೇಲೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು, ಗೋಡೆಗೊರಗಿ ನಕ್ಕರು. ಕೈ ಮುರಿದಂದಿನಿಂದ ಅವರು ಹಾಗೆ ನಕ್ಕಿರಲಿಲ್ಲ. “ಪ್ರಪಂಚದಲ್ಲಿ ಯಾರೂ ನನ್ನ ಕಮಾನಿಗೆ ತಲೆ ಬಾಚಿರಲಿಲ್ಲ! ಹೋಗು ಮಾರಾಯ್ತಿ, ಮೆಡಿಕಲ್‌ನಿಂದ ಸ್ಪಿರಿಟ್ ತಾ, ಹತ್ತಿ ತಾ.”

ಕಟ್ಟಿಗೆಗೆ ಸ್ಪಿರಿಟ್ ತಾಗದಂತೆ ಬಟ್ಟೆ ಸುತ್ತಿದೆವು. ಮಧ್ಯಾಹ್ನವೆಲ್ಲ ನಾನು ಹಿಡಿದೆ, ಅಮ್ಮ ಬಾಚಿದಳು, ಅವರು ಒರೆಸಿದರು. ಎಷ್ಟು ಸಲವೋ ಲೆಕ್ಕವಿಲ್ಲ. ಸಂಜೆಗೆ ರಾಳ ತಿಕ್ಕಿ ಒಮ್ಮೆ ಎಳೆದರು. ಮೊದಲು ಬರೀ ಉಸಿರು. ಎರಡನೆಯ ಸಲ ಗೊರಗೊರ. ಹತ್ತನೆಯ ಸಲಕ್ಕೆ ನಾದ ಬಂತು. ಸೆಲ್ಲೋದ ಹೆಗಲ ಮೇಲೆ ಅಮ್ಮ ಇಟ್ಟ ಕುಂಕುಮವನ್ನು ಒರೆಸಲು ಹೋದೆ, ಕೈ ತಡೆದರು. “ಅದು ಇರಲಿ.”

ಮರುದಿನ ಸಂಘದ ಹಾಲಿನಲ್ಲಿ ಅರ್ಧ ಜನ ಊಟದ ಸಾಲಿನ ಕಡೆಗೇ ನೋಡುತ್ತಿದ್ದರು. ಮೇಡಮ್ ಕುಳಿತರು, ಎಡಗೈಯನ್ನು ಒಮ್ಮೆ ಮಡಚಿ ಬಿಚ್ಚಿದರು, ಕಮಾನು ಎಳೆದರು. ಒಂಟಿ ಸೆಲ್ಲೋಗೆಂದೇ ಬರೆದ ಹಳೆಯ ರಚನೆ. ಮುರಿದ ಕೈ ತಂತಿಯ ಉದ್ದಕ್ಕೂ ಇಳಿಯಿತು, ಹತ್ತಿತು, ಎಲ್ಲೂ ತಡವರಿಸಲಿಲ್ಲ. ಕೊಟ್ಟ ಅರ್ಧ ಗಂಟೆ ಮುಗಿದಾಗ ಮುಂದಿನ ಸಾಲಿನ ಉಡುಪಿ ಹೋಟೆಲಿನ ಅಜ್ಜರೊಬ್ಬರು ಎದ್ದು, “ಒನ್ಸ್ ಮೋರ್!” ಎಂದು ಕೂಗಿದರು. ಹಾಲಿಗೆ ಹಾಲೇ ಕೂಗಿತು. ಬಹುಮಾನ ವಿತರಣೆ ಒಂದು ಗಂಟೆ ತಡವಾಯಿತು. ಅಮ್ಮ ಪಕ್ಕದವರಿಗೆಲ್ಲ, “ಎಣ್ಣಿ ನಾನs ಹಚ್ಚಿದ್ದು,” ಎಂದು ಹೇಳಿಕೊಂಡು ಬಂದಳು.

ಮುಂದಿನ ವರ್ಷ ಅವರು ಮಾಸ್ಕೋದ ಅದೇ ವೇದಿಕೆಯಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ಗೆದ್ದಲ್ಲಿಯೇ, ನುಡಿಸಿ ಬಂದರು. ಮನೆಗೂ ಹೋಗದೆ ವಿಮಾನ ನಿಲ್ದಾಣದಿಂದ ನೇರ ನನ್ನ ಮೇಜಿಗೆ ಬಂದು, “ಮಿಷಿನ್ ಕೊಡು,” ಎಂದರು. ಎಡಗೈ ಇಟ್ಟರು. ಕೆಂಪು ದೀಪ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ ಗೆದ್ದವರ ಹಾಗೆ ಎರಡೂ ಕೈ ಮೇಲೆತ್ತಿ ನಿಂತರು.

ಹೋದ ವರ್ಷ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಸೆಲ್ಲೋ ಅವರ ಶಾಲೆಗೆ ಹೋಯಿತು. ಕಮಾನನ್ನು ನನಗೆ ಬರೆದಿಟ್ಟಿದ್ದರು. ನಾನು ದೊಡ್ಡ ಕಲಾವಿದೆಯೇನೂ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಕಲಿಯಲು ಹಳೆಯದೊಂದು ಸೆಲ್ಲೋ ಕೊಂಡೆ. ದಿನಾ ಬೆಳಿಗ್ಗೆ ಒಂದು ಗಂಟೆ ಕೂರುವುದನ್ನು ಬಿಟ್ಟಿಲ್ಲ.

ಕೇಂದ್ರದಲ್ಲಿ ಕೆಲಸ ಶುರುಮಾಡುವ ಮುನ್ನ ನಾನೂ ನನ್ನ ಬೆರಳು ಒತ್ತಿ ಯಂತ್ರ ತೆರೆಯಬೇಕು. ಮೊನ್ನೆ ಎಡಗೈ ತೋರುಬೆರಳು ಇಟ್ಟೆ, ಕೆಂಪು ದೀಪ. ಒರೆಸಿ ಇಟ್ಟೆ, ಮತ್ತೆ ಕೆಂಪು.

ಪಕ್ಕದ ಮೇಜಿನವಳು, “ಮೇಡಮ್, ದುಸರಂ ಬೋಟ್ ಲಾವಾ,” ಎಂದಳು, ಬೇರೆ ಬೆರಳು ಇಡಿ ಎಂದು.

ನಾನು ಬೇರೆ ಬೆರಳು ಇಡಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತೆ.