ಮಾವನ ಹೆಗಲ ಟವೆಲ್

ಮಾವನ ಎರಡೂ ಮೊಣಕಾಲಿನ ಮೇಲೆ ಕರ್ರಗಿನ ಜಡ್ಡು ಇತ್ತು. ಹಳೇ ಚಪ್ಪಲಿಯ ತೊಗಲಿನಷ್ಟು ಗಟ್ಟಿ. ಮುಳ್ಳು ಚುಚ್ಚಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಲವತ್ತು ವರ್ಷ ಹರಗೋಲಿನ ಬಿದಿರಿನ ಮೇಲೆ ಮೊಣಕಾಲೂರಿ ಹುಟ್ಟು ಹಾಕಿದ್ದರ ಗುರುತು ಅದು. ಪಂಚೆ ಮೇಲೆತ್ತಿ ಕೂತಾಗ ಆ ಜಡ್ಡಿನ ಮೇಲೆ ಉಗುರಿನಿಂದ ಟಕ್ ಟಕ್ ಬಡಿದು, "ಇದು ನನ್ನ ಸರ್ಟಿಫಿಕೇಟು. ನಿಂದೆಲ್ಲೈತಿ ತೋರಿಸು" ಅನ್ನುತ್ತಿದ್ದ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟು ಬಂದ ನನ್ನ ಹತ್ತಿರ ತೋರಿಸುವುದಕ್ಕೆ ಏನೂ ಇರಲಿಲ್ಲ.

ಅವನು ನಮ್ಮವ್ವನ ಅಣ್ಣ. ಹಡಗಲಿ ತಾಲೂಕಿನಲ್ಲಿ ಹೊಳೆ ದಂಡೆಗೇ ಇರುವ ಊರು ನಮ್ಮದು. ಆಗ ಸೇತುವೆ ಇರಲಿಲ್ಲ. ಆಚೆ ದಂಡೆಯ ಬಸ್ಸು ಹಿಡಿಯಬೇಕೆಂದರೆ ಮಾವನ ಹರಗೋಲೇ ಗತಿ. ಹೆಣ್ಣು ನೋಡಲು ಹೋಗುವವರು, ಹೆರಿಗೆಗೆ ತವರಿಗೆ ಬರುವವರು, ಕುರಿಮರಿ, ಸೈಕಲ್ಲು ಎಲ್ಲವನ್ನೂ ಅವನೇ ದಾಟಿಸುತ್ತಿದ್ದ. ಎಲ್ಲಕ್ಕಿಂತ ಮುಂಚೆ ಹೋಗುವುದು ಬೆಳಗಿನ ಮಲ್ಲಿಗೆ ಬುಟ್ಟಿ. ಮೊಗ್ಗಿರುವಾಗಲೇ ಬಸ್ಸು ಹತ್ತಬೇಕು, ಅರಳಿದ ಮೇಲೆ ಕೇಳುವವರಿಲ್ಲ.

ತೊಂಬತ್ತರ ದಶಕದ ನಡುವೆ, ನನಗೆ ಇಪ್ಪತ್ತೆರಡು ಇದ್ದಾಗ, ಮಾವನ ಕೈಕೆಳಗೆ ಮೂರು ವರ್ಷ ಆಗಿತ್ತು. ಬೇಸಿಗೆಯ ನಿಂತ ನೀರಿನಲ್ಲಿ ನಾನೊಬ್ಬನೇ ಹತ್ತು ಜನರನ್ನು ದಾಟಿಸುತ್ತಿದ್ದೆ. ಕೆಲಸ ಬಂತು ಅಂತ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ. ಆದರೆ ಹರಗೋಲು ಅಂದರೆ ದುಂಡಗಿನ ಬುಟ್ಟಿ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಬಿಟ್ಟರೆ ಬುಗುರಿಯಂತೆ ತಿರುಗುತ್ತದೆ. ನೇರ ಹೋಗುವುದನ್ನು ಯಾರು ಬೇಕಾದರೂ ಒಂದು ವರ್ಷದಲ್ಲಿ ಕಲಿಯಬಹುದು. ಮಳೆಗಾಲದ ಸೆಳವಿನಲ್ಲಿ ಬೇಕಾದ ಕಡೆಗೆ, ಬೇಕಾದಷ್ಟೇ ತಿರುಗಿಸುವುದು ಬೇರೆಯೇ ವಿದ್ಯೆ. ನಡುಹೊಳೆಯಲ್ಲಿ ಒಂದು ದೊಡ್ಡ ಕಲ್ಲು ಇತ್ತು. ನೀರು ಕೆಂಪಗೆ ಏರಿದಾಗ ಅದರ ತಲೆ ಅಷ್ಟೇ ಕಾಣುತ್ತಿತ್ತು. ಅಲ್ಲಿಗೆ ಬಂದ ಕೂಡಲೇ ಮಾವ ಕೈ ಚಾಚುತ್ತಿದ್ದ. ನಾನು ಹುಟ್ಟು ಕೊಡಬೇಕು. ಜನರ ಮುಂದೆ ಹಾಗೆ ಕೊಡುವುದು ನನಗೆ ಸಾವಿನಷ್ಟು ಅವಮಾನವಾಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಹೊಳೆ ತುಂಬಿತ್ತು. ಹರಗೋಲಿನಲ್ಲಿ ಮಲ್ಲಿಗೆ ಬುಟ್ಟಿಗಳು ಮತ್ತು ನಾವಿಬ್ಬರೇ. ಕಲ್ಲು ಹತ್ತಿರವಾದಾಗ ಮಾವ ಎಂದಿನಂತೆ, "ಕೊಡಲೇ ಅಳಿಯಾ ಇತ್ಲಾಗ" ಅಂದ.

"ಇವತ್ತು ನಾನ ತಿರುಗಿಸ್ತೀನಿ. ದಿನಾ ಕೂಸಿನ ಕೈಯಾಗಿಂದ ಕಸಗೊಂಡಂಗ ಕಸಗೋತಿ."

ಮಾವ ನನ್ನ ಮುಖ ನೋಡಿದ. ಚಾಚಿದ ಕೈ ಹಿಂದಕ್ಕೆ ತಗೊಂಡ.

ನಾನು ಕಲ್ಲನ್ನೇ ನೋಡುತ್ತಿದ್ದೆ. ತೋಳಿನಲ್ಲಿದ್ದ ಬಲವೆಲ್ಲ ಹಾಕಿ ಎಳೆದೆ. ಹರಗೋಲು ಗಿರಕಿ ಹೊಡೆದು, ಯಾವುದನ್ನು ತಪ್ಪಿಸಬೇಕಿತ್ತೋ ಅದಕ್ಕೇ ಹೋಗಿ ಬಡಿಯಿತು. ಬಿದಿರು ಲಟಲಟ ಮುರಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಮಾವ ನನ್ನ ಜುಟ್ಟು ಹಿಡಿದು ಕಲ್ಲಿನ ಮೇಲೆ ಎಳೆದುಕೊಂಡ. ಕೆಂಪು ನೀರಿನ ಮೇಲೆ ಬಿಳೀ ಮೊಗ್ಗು ಹರಡಿಕೊಂಡು ಹೋಗುವುದನ್ನು ಇಬ್ಬರೂ ಕೂತು ನೋಡಿದೆವು. ಮೀನು ಹಿಡಿಯುವವರು ಬಂದು ನಮ್ಮನ್ನು ದಂಡೆಗೆ ತಂದರು.

ದಂಡೆಯಲ್ಲಿ ಊರಿನ ಜನ ಸೇರಿದ್ದರು. ಹಿರಿಯರೊಬ್ಬರು, "ಹುಟ್ಟು ಯಾರ ಕೈಯಾಗ ಇತ್ತು?" ಅಂತ ಕೇಳಿದರು. ನಾನು ಮಾವನ ಬೆನ್ನ ಹಿಂದಕ್ಕೆ ಸರಿದೆ.

ಮಾವ ಟವೆಲ್ ಹಿಂಡುತ್ತಾ ಹೇಳಿದ: "ನನ್ನ ಕೈಯಾಗ ಇತ್ರಿ. ಕಲ್ಲು ಕಾಣಲಿಲ್ಲ. ವರ್ಷ ಆತು, ಕಣ್ಣು ಮಂಜು ಮಂಜು ಆಗ್ಯಾವು."

"ಇವತ್ತು ಹೂವು ಹ್ವಾತು. ನಾಳೆ ಹೆಣ್ಣುಮಕ್ಕಳು ಕುಂತಿರತಾರ. ಇನ್ನ ನೀ ಬಿಡಪ್ಪ, ಹುಟ್ಟು ಅಳಿಯನ ಕೈಗೆ ಕೊಡು" ಅಂದರು ಹಿರಿಯರು.

ಮಾವ "ಹೂಂ" ಅಂದ. ಹೊಸ ಹರಗೋಲು ಹೆಣೆದ ಮೇಲೆ, ಹಳೆಯದನ್ನು ಕೆಡವಿದವನ ಕೈಗೇ ಹುಟ್ಟು ಬಂತು.

ಆಚೆ ದಂಡೆಯಲ್ಲಿ ಮೇಯುವ ಎಮ್ಮೆ ಯಾರ ಮನೆಯದು ಅಂತ ಹೇಳುವ ಕಣ್ಣು ಅವನದು. ಸಂಜೆ ನಾನು, "ಹೋಗಿ ಖರೇ ಹೇಳಿಬಿಡ್ತೀನಿ" ಅಂದೆ.

"ಹೇಳಿದ್ರ ನಿನ್ನ ಹರಗೋಲು ಯಾರು ಹತ್ತತಾರ? ನಾ ಸುಳ್ಳು ಹೇಳೀನಿ ಅಂತ ನಂದೂ ಹತ್ತಂಗಿಲ್ಲ. ಇಬ್ಬರೂ ದಂಡಿ ಮ್ಯಾಲ ಕುಂತು ನೊಣ ಹೊಡಿಯೋಣೇನು?" ಅಂದ. ಆಮೇಲೆ ತಗ್ಗಿದ ದನಿಯಲ್ಲಿ, "ಕೈ ಹಿಂದಕ್ಕ ತಗೊಂಡವ ನಾನು. ತಪ್ಪು ನಂದೂ ಐತಿ" ಅಂದ.

ಅವನು ಬೇಡ ಅಂದದ್ದು ನನಗೆ ಅನುಕೂಲವಾಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮಾವ ಅವತ್ತಿನಿಂದ ಕೋಲು ಹಿಡಿದ. ಎದುರಿಗೆ ಬಂದವರನ್ನು "ಯಾರಪ್ಪಾ ನೀನು?" ಅಂತ ಕೇಳುತ್ತಿದ್ದ. ಗೊತ್ತಿದ್ದ ಹೊಸ್ತಿಲು ಎಡವುತ್ತಿದ್ದ. ತಮಾಷೆಗೆ ಯಾರಾದರೂ ಕಟ್ಟೆಯ ಮೇಲೆ "ನಾನ್ಯಾರು ಹೇಳು ಅಜ್ಜಾ" ಅಂದರೆ, "ಬೀಡಿ ವಾಸನಿ ಮ್ಯಾಲ ನಿಮ್ಮಪ್ಪ ಇರಬೇಕು" ಅನ್ನುತ್ತಿದ್ದ. ಜನ ನಗುತ್ತಿದ್ದರು. ನಾನು ತಲೆ ತಗ್ಗಿಸಿ ಹೊಳೆ ಕಡೆ ನಡೆಯುತ್ತಿದ್ದೆ.

ಅವನ ಮಗಳು ಹೆಣ್ಣುಕೂಸನ್ನು ಹೆತ್ತಾಗ ತಂದು ತೊಡೆಯ ಮೇಲೆ ಮಲಗಿಸಿದಳು. "ಯಾರ್ಹಂಗ ಅದಾಳ ಅಂತ ನಿನಗ ಕಾಣೂದಿಲ್ಲಲ್ಲಪ್ಪ" ಅಂತ ಅತ್ತಳು. ಮಾವ ಕುರುಡನಂತೆ ಕೂಸಿನ ಮುಖದ ಮೇಲೆ ಬೆರಳಾಡಿಸಿ, "ಚೊಲೋ ಅದಾಳ ಬಿಡವ್ವ" ಅಂದ, ಅಷ್ಟೇ. ಅವಳು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದ: "ನಿಮ್ಮತ್ತಿ ಹಣಿ ನೋಡಲೇ. ಗದ್ದದಾಗಿನ ಗುಳಿನೂ ಆಕೀದ." ಅತ್ತೆ ತೀರಿಕೊಂಡು ಆಗ ಆರು ವರ್ಷ.

"ಮಗಳಿಗಾದ್ರೂ ಹೇಳು ಮಾವ" ಅಂದೆ.

"ಹೆಣ್ಣುಮಗಳು, ಮನಸ್ಸಿನ್ಯಾಗ ಇಟಗೊಳ್ಳಾಕ ಆಗೂದಿಲ್ಲ. ನೀ ತಿರುವು ಕಲಿ. ನನಗ ಅಷ್ಟ ಸಾಕು."

ಕಲಿಸಿದ. ಹಿತ್ತಿಲಿನಲ್ಲಿ ದನ ನೀರು ಕುಡಿಯುವ ಬಾನಿಯಲ್ಲಿ ಹಿತ್ತಾಳೆ ತಟ್ಟೆ ತೇಲಿಬಿಟ್ಟು, ಅದರ ಅಂಚನ್ನು ಒಂದು ಬೆರಳಿನಿಂದ ಒತ್ತಿ ತೋರಿಸಿದ. "ತೋಳಿಲೆ ಎಳೀಬ್ಯಾಡ. ತಿರುಗೋ ಕಡಿ ಮೊಣಕಾಲಿಗೆ ಭಾರ ಬಿಡು. ಹುಟ್ಟು ಆಳಕ್ಕ ಇಳಿಸಿ ಸುಮ್ಮನ ಹಿಡಿ, ನೀರು ತಾನ ತಿರುಗಿಸ್ತೈತಿ. ಕಲ್ಲು ನೋಡಬ್ಯಾಡ. ನೀ ಯಾವುದನ್ನ ನೋಡ್ತಿ, ಹರಗೋಲು ಅಲ್ಲಿಗೇ ಹೊಕ್ಕೈತಿ. ನೀ ಹೋಗಬೇಕಾದ ನೀರು ನೋಡು."

ಹೊಳೆಯಲ್ಲಿ ಕಲಿಸಬೇಕಲ್ಲ. ಕಣ್ಣಿಲ್ಲದವನು ದಂಡೆಯಲ್ಲಿ ನಿಂತು ಕೂಗಿ ಹೇಳುವುದು ಹೇಗೆ? ಅದಕ್ಕೆ ಅವನೇ ಒಂದು ದಾರಿ ಹುಡುಕಿದ. ಬಿಸಿಲು ಕಾಯಿಸಿಕೊಳ್ಳುವ ನೆಪದಲ್ಲಿ ದಂಡೆಯ ಹಾಸುಗಲ್ಲಿನ ಮೇಲೆ ಕೂರುತ್ತಿದ್ದ. ನಾನು ಕಲ್ಲು ದಾಟಿದ ಮೇಲೆ ಒಮ್ಮೆ ಹಿಂದಿರುಗಿ ನೋಡುತ್ತಿದ್ದೆ. ಬಿಳೀ ಟವೆಲ್ ಎಡ ಹೆಗಲಿನ ಮೇಲಿದ್ದರೆ ತಡವಾಗಿ ತಿರುಗಿಸಿದ್ದೇನೆ ಅಂತ. ಬಲ ಹೆಗಲಿನ ಮೇಲಿದ್ದರೆ ಅವಸರ ಮಾಡಿದ್ದೇನೆ ಅಂತ. ಸರಿಯಾದರೆ ಟವೆಲ್ ಮಡಚಿ ಮೊಣಕಾಲಿನ ಮೇಲೆ ಇಡುತ್ತೇನೆ ಅಂದಿದ್ದ.

ಮೊದಲ ಮಳೆಗಾಲ ಪೂರ್ತಿ ಎಡ ಹೆಗಲು. ನಾನು ಕಲ್ಲು ಕಾಣುವವರೆಗೆ ಕಾಯುತ್ತಿದ್ದೆ. ಕಲ್ಲಿಗಿಂತ ಮುಂಚೆ ನೀರು ಸಣ್ಣಗೆ ಉಬ್ಬುತ್ತದೆ, ಆ ಉಬ್ಬಿನ ಮೇಲೆ ಹರಗೋಲು ಏರುವಾಗಲೇ ಭಾರ ಬಿಡಬೇಕು ಅಂತ ತಿಳಿಯಲು ಅಷ್ಟು ದಿನ ಬೇಕಾಯಿತು. ಎರಡನೇ ಮಳೆಗಾಲ ಬಲ ಹೆಗಲು. ಸಿಟ್ಟು ಬಂದು ಒಂದು ವಾರ ಹಿಂದಿರುಗಿ ನೋಡಲೇ ಇಲ್ಲ. ಮಾವ ಮಾತ್ರ ದಿನಾ ಬಂದು ಕೂತ.

ಮೂರನೇ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹರಗೋಲಿನಲ್ಲಿ ಬಸುರಿ ಹೆಂಗಸೊಬ್ಬಳು, ಅವಳ ತಾಯಿ, ಮಲ್ಲಿಗೆ ಬುಟ್ಟಿಗಳು ಇದ್ದವು. ನೀರು ಉಬ್ಬಿದ್ದು ಮೊಣಕಾಲಿಗೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ. ಭಾರ ಬಿಟ್ಟೆ, ಹುಟ್ಟು ಇಳಿಸಿ ಹಿಡಿದೆ. ಹರಗೋಲು ಬಾಗಿಲು ತೆರೆದಷ್ಟು ಹಗುರ ತಿರುಗಿ, ಕಲ್ಲಿನ ಪಕ್ಕದ ಅಲೆಯ ಮೇಲೆ ಜಾರಿಕೊಂಡು ಹೋಯಿತು. ಆ ತಾಯಿಗೆ ತನ್ನ ಮಾತು ನಿಲ್ಲಿಸಬೇಕು ಅಂತ ಕೂಡ ಅನ್ನಿಸಲಿಲ್ಲ. ಹಿಂದಿರುಗಿ ನೋಡಿದೆ. ಟವೆಲ್ ಮೊಣಕಾಲಿನ ಮೇಲಿತ್ತು. ಮಾವ ತಲೆ ಬಗ್ಗಿಸಿ ಕೂತಿದ್ದ. ಅತ್ತನೋ ಏನೋ, ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಅವನಿಗಾಗಿದ್ದರೆ ಕಾಣುತ್ತಿತ್ತು.

ಹೊಳೆಯಲ್ಲಿ ಸೇತುವೆಯ ಕಂಬ ಏಳುತ್ತಿದ್ದ ವರ್ಷ ಮಾವ ಹೋದ. ನಾಲ್ಕು ದಿನದ ಜ್ವರ ಅಷ್ಟೇ. ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆದವರಲ್ಲಿ ನಾನೂ ಒಬ್ಬ. ಮೊಣಕಾಲಿಗೆ ನೀರು ಹಾಕಿ ಉಜ್ಜಿದೆ. ಜಡ್ಡು ಇರಲಿಲ್ಲ. ಹತ್ತು ವರ್ಷ ಬಿದಿರು ಮುಟ್ಟದ ಮೊಣಕಾಲು ಕೂಸಿನದರಂತೆ ಮೆತ್ತಗಾಗಿತ್ತು.

ಮಾವನ ದಿನಕರ್ಮದ ಊಟಕ್ಕೆ ಜನ ಸೇರಿದಾಗ ಎದ್ದು ನಿಂತು ಎಲ್ಲ ಹೇಳಿದೆ. ಹುಟ್ಟು ನನ್ನ ಕೈಯಲ್ಲಿತ್ತು ಅಂದೆ. ಟವೆಲ್ಲಿನ ವಿಷಯ ಹೇಳಿದೆ. ಅವತ್ತು ತೀರ್ಮಾನ ಕೊಟ್ಟ ಹಿರಿಯರು ಪೂರ್ತಿ ಕೇಳಿಸಿಕೊಂಡು, ನನ್ನ ಹೆಗಲ ಮೇಲೆ ಕೈ ಇಟ್ಟರು. "ಸತ್ತ ಮಾವನ ಮರ್ಯಾದಿ ಉಳಸಾಕ ತಪ್ಪು ನಿನ್ನ ಮೈಮ್ಯಾಲ ಹಾಕ್ಕೊಳ್ಳಾಕ ಹತ್ತೀದಿ. ಇಂಥಾ ಅಳಿಯ ಎಷ್ಟು ಮಂದಿಗೆ ಸಿಗತಾನ?" ಎಲ್ಲರೂ ಹೌದು ಹೌದು ಅಂದರು. ದುಡಿಮೆಗೆ ನಾಲ್ಕು ಜನ ಹೊಗಳಿದರೆ ಹಿಗ್ಗುವ ಮನುಷ್ಯ ನಾನು. ಆ ಹೊಗಳಿಕೆಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮಗಳು ಬಾಗಿಲ ಹಿಂದೆ ನಿಂತಿದ್ದಳು. ಜನ ಹೋದ ಮೇಲೆ ಬಂದು, "ಹಂಗಾರ ನನ್ನ ಮಗಳ ಮುಖ ಅಪ್ಪ ನೋಡ್ಯಾನ?" ಅಂತ ಕೇಳಿದಳು.

"ನೋಡ್ಯಾನ. ನಿಮ್ಮವ್ವನ ಹಣಿ ಅಂದ. ಗದ್ದದಾಗಿನ ಗುಳಿನೂ ಆಕೀದ ಅಂದ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಸಮಾಧಾನಕ್ಕ ಹೇಳಾಕ ಹತ್ತೀದಿ. ಇರಲಿ ಬಿಡು" ಅಂದು ಒಳಗೆ ಹೋದಳು.

ಈಗ ಜನ ಸೇತುವೆ ಮೇಲೆ ಹೋಗುತ್ತಾರೆ. ನಾನು ಹರಗೋಲಿನಲ್ಲಿ ಮೀನಿನ ಬಲೆ ಹಾಕುತ್ತೇನೆ. ಕಲ್ಲು ದಾಟಿದ ಮೇಲೆ ಹಿಂದಿರುಗಿ ಆ ಹಾಸುಗಲ್ಲು ನೋಡುವ ಚಾಳಿ ಬಿಟ್ಟಿಲ್ಲ. ಬಾಯಿಮಾತು ಯಾರೂ ನಂಬಲಿಲ್ಲ ಅಂತಲೇ, ಅಕ್ಷರ ಮರೆತ ಕೈಯಿಂದ ಇಷ್ಟು ಬರೆದಿದ್ದೇನೆ. ಹುಟ್ಟು ನನ್ನ ಕೈಯಲ್ಲಿತ್ತು. ಮಾವನ ಕಣ್ಣು ಕೊನೆಯವರೆಗೂ ಚೆನ್ನಾಗಿದ್ದವು.